ಬೆಂಬಲಿಗರ ಒಡೆತನ: ಮುಳುಗುತ್ತಿರುವ ಫುಟ್‌ಬಾಲ್ ಕ್ಲಬ್ಬನ್ನು ಉಳಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

2019ರ ಬೇಸಿಗೆಯಲ್ಲಿ ಬೆರಿ ಎಫ್‌ಸಿ ಇಂಗ್ಲೆಂಡಿನ ಮೂರನೆಯ ಹಂತದ ಲೀಗ್‌ಗೆ ಬಡ್ತಿ ಪಡೆದಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ, ಹೊಸ ಋತುವಿನ ಒಂದು ಲೀಗ್ ಪಂದ್ಯವನ್ನೂ ಆಡದೆ, ಅದು ಎರಡರಿಂದ ನಾಲ್ಕನೆಯ ಹಂತದವರೆಗಿನ ಪಂದ್ಯಾವಳಿಗಳನ್ನು ನಡೆಸುವ ಇಂಗ್ಲಿಷ್ ಫುಟ್‌ಬಾಲ್ ಲೀಗ್‌ನಿಂದ ಹೊರಬಿದ್ದಿತು. ಅದನ್ನು ಮುಳುಗಿಸಿದ್ದು ಕೆಟ್ಟ ಆಟವೂ ಅಲ್ಲ, ಪ್ರೇಕ್ಷಕರ ಕೊರತೆಯೂ ಅಲ್ಲ. ಆದಾಯವನ್ನು ಮೀರಿದ ಸಂಬಳ, ಆ ಅಂತರವನ್ನು ತುಂಬಲು ತಂದ ಸಾಲ, ಸಾಲಕ್ಕಾಗಿ ಮೈದಾನದ ಮೇಲೆ ಬಿದ್ದ ಅಡಮಾನ, ಇವಿಷ್ಟೂ ಸೇರಿ ಕ್ಲಬ್ಬನ್ನು ಕುಸಿಯುವಂತೆ ಮಾಡಿದವು. ಇಂಗ್ಲೆಂಡ್, ವೇಲ್ಸ್ ಮತ್ತು ಸ್ಕಾಟ್ಲೆಂಡ್‌ಗಳಲ್ಲಿ ಕಳೆದ ಮೂರು ದಶಕಗಳಲ್ಲಿ ಕುಸಿದ ಬಹುತೇಕ ಕ್ಲಬ್ಬುಗಳ ಹಿಂದೆ ಇದೇ ಸರಪಳಿ ಕಾಣುತ್ತದೆ.

ಇಂತಹ ಹೊತ್ತಿನಲ್ಲಿ ಬೆಂಬಲಿಗರು ಕೈಜೋಡಿಸಿ ಕ್ಲಬ್ಬನ್ನು ತಾವೇ ಕೊಳ್ಳುವುದು ಸಾಧ್ಯವಿದೆ, ಅನೇಕ ಕಡೆ ಅದು ಆಗಿಯೂ ಇದೆ. ಆದರೆ ಹಣ ಸಂಗ್ರಹವೇ ಅದರ ಮುಖ್ಯ ಕೆಲಸವೆಂಬ ನಂಬಿಕೆ ತಪ್ಪು. ಸಂಕಷ್ಟ ಬಂದಾಗ ಹಣ ಕೊಡುವ ಜನ ಸಿಗುತ್ತಾರೆ. ಸಿಗದೆ ಹೋಗುವುದು ಆ ಹಣವನ್ನು ಕಾನೂನುಬದ್ಧವಾಗಿ ಪಡೆಯಬಲ್ಲ ಸಂಸ್ಥೆ, ಅದನ್ನು ಕಟ್ಟಿಹಾಕುವ ನಿಯಮಗಳು ಮತ್ತು ಲೆಕ್ಕ ಓದಬಲ್ಲ ಕಣ್ಣು. ಈ ಮಾರ್ಗದರ್ಶಿಯ ಹಂತಗಳನ್ನು ಆ ಅನುಭವದ ಆಧಾರದ ಮೇಲೆಯೇ ಜೋಡಿಸಿದೆ. ಕಾನೂನಿನ ವಿವರಗಳು ಮುಖ್ಯವಾಗಿ ಇಂಗ್ಲೆಂಡಿನವು; ಸ್ಕಾಟ್ಲೆಂಡಿನ ಅನುಭವವನ್ನು ಬೇಕಾದಲ್ಲಿ ಹೇಳಿದೆ.

ಹಂತ 1: ಬಿಕ್ಕಟ್ಟು ಬರುವ ಮೊದಲೇ ಸಂಘ ಕಟ್ಟಿರಿ

1992ರಲ್ಲಿ ನಾರ್ಥಾಂಪ್ಟನ್ ಟೌನ್ ಕ್ಲಬ್ ಸಾಲದಲ್ಲಿ ಮುಳುಗಿದ್ದಾಗ ಬ್ರಯಾನ್ ಲೋಮ್ಯಾಕ್ಸ್ ಮತ್ತು ಅವರ ಸಂಗಡಿಗರು ಸಂಗ್ರಹಿಸಿದ ಹಣವನ್ನು ಮಾಲೀಕರ ಕೈಗೆ ಹಾಗೆಯೇ ಒಪ್ಪಿಸಲಿಲ್ಲ. ಅವರು ಒಂದು ಟ್ರಸ್ಟ್ ರಚಿಸಿ, ಅದರ ಮೂಲಕ ಕ್ಲಬ್ಬಿನಲ್ಲಿ ಪಾಲು ಮತ್ತು ನಿರ್ದೇಶಕ ಮಂಡಳಿಯಲ್ಲಿ ಸ್ಥಾನ ಪಡೆದರು. ಇಂಗ್ಲೆಂಡಿನ ಮೊದಲ ಸಪೋರ್ಟರ್ಸ್ ಟ್ರಸ್ಟ್ ಎಂದು ಪರಿಗಣಿಸಲಾಗುವುದು ಇದನ್ನೇ. ಅದುವರೆಗೆ ಬೆಂಬಲಿಗರು ಬಕೆಟ್ ಹಿಡಿದು ಹಣ ಸಂಗ್ರಹಿಸಿ ಕೊಡುವುದಷ್ಟೇ ವಾಡಿಕೆಯಾಗಿತ್ತು, ಕೊಟ್ಟ ಹಣದ ಮೇಲೆ ಅವರಿಗೆ ಯಾವ ಹಕ್ಕೂ ಇರುತ್ತಿರಲಿಲ್ಲ. 2000ದಲ್ಲಿ ಸಪೋರ್ಟರ್ಸ್ ಡೈರೆಕ್ಟ್ ಎಂಬ ಸಂಸ್ಥೆ ಹುಟ್ಟಿ ಈ ಮಾದರಿಯನ್ನು ಬ್ರಿಟನ್ನಿನಾದ್ಯಂತ ಹರಡಿತು. ಅದು ಈಗ ಫುಟ್‌ಬಾಲ್ ಸಪೋರ್ಟರ್ಸ್ ಅಸೋಸಿಯೇಷನ್‌ನಲ್ಲಿ ವಿಲೀನವಾಗಿದ್ದು, ಸಂಘ ಕಟ್ಟುವವರು ಮೊದಲು ಸಂಪರ್ಕಿಸಬೇಕಾದದ್ದು ಈ ಅಸೋಸಿಯೇಷನ್ ಅನ್ನೇ.

ಇಂತಹ ಟ್ರಸ್ಟ್‌ಗೆ, ಅಂದರೆ ಬೆಂಬಲಿಗರ ಸಂಘಕ್ಕೆ, ಹೊಂದುವ ಕಾನೂನು ರೂಪವೆಂದರೆ ಕಮ್ಯೂನಿಟಿ ಬೆನಿಫಿಟ್ ಸೊಸೈಟಿ (ಸಮುದಾಯ ಹಿತ ಸಂಘ). 2014ರ ಸಹಕಾರ ಮತ್ತು ಸಮುದಾಯ ಹಿತ ಸಂಘಗಳ ಕಾಯ್ದೆಯಡಿ ಇದನ್ನು ಬ್ರಿಟನ್ನಿನ ಹಣಕಾಸು ನಿಯಂತ್ರಕ ಸಂಸ್ಥೆಯಾದ ಫೈನಾನ್ಷಿಯಲ್ ಕಂಡಕ್ಟ್ ಅಥಾರಿಟಿಯಲ್ಲಿ ನೋಂದಾಯಿಸಬೇಕು. ಕನಿಷ್ಠ ಮೂವರು ಸದಸ್ಯರಿದ್ದರೆ ಸಾಕು. ಇದರ ಜೀವಾಳ ಒಬ್ಬ ಸದಸ್ಯನಿಗೆ ಒಂದೇ ಮತ ಎಂಬ ನಿಯಮ: ಹತ್ತು ಪೌಂಡ್ ಹಾಕಿದವರಿಗೂ ಹತ್ತು ಸಾವಿರ ಪೌಂಡ್ ಹಾಕಿದವರಿಗೂ ಸರ್ವಸದಸ್ಯರ ಸಭೆಯಲ್ಲಿ ಸಮಾನ ತೂಕ. ಸಾಮಾನ್ಯ ಕಂಪನಿಯಲ್ಲಿ ಷೇರಿಗೊಂದು ಮತ ಇರುವುದರಿಂದ, ಅಲ್ಲಿ ಒಡೆತನ ನಿಧಾನವಾಗಿ ಹಣವಂತರ ಕಡೆಗೆ ಜಾರುತ್ತದೆ.

ಕ್ಲಬ್ ಚೆನ್ನಾಗಿ ನಡೆಯುತ್ತಿರುವಾಗ ಸಂಘಕ್ಕೆ ಸದಸ್ಯರು ಸೇರುವುದು ಕಷ್ಟ, ಸೇರಿದವರೂ ಸಭೆಗೆ ಬರುವುದು ಅಪರೂಪ. ಆದರೂ ನೋಂದಣಿ, ಬ್ಯಾಂಕ್ ಖಾತೆ, ಸದಸ್ಯರ ಪಟ್ಟಿ, ವಾರ್ಷಿಕ ಚುನಾವಣೆ ಇವಿಷ್ಟನ್ನು ತಪ್ಪದೆ ನಡೆಸಿಕೊಂಡು ಬಂದಿರಬೇಕು. ಕ್ಲಬ್ ದಿವಾಳಿಯ ಅಂಚಿಗೆ ಬಂದಾಗ ನಿರ್ಧಾರಗಳಿಗೆ ಸಿಗುವುದು ಕೆಲವೇ ವಾರಗಳು, ಆ ವಾರಗಳನ್ನು ಅರ್ಜಿ ತುಂಬುವುದರಲ್ಲಿ ಕಳೆಯುವಂತಾಗಬಾರದು.

ಹಂತ 2: ಬೈಲಾವನ್ನು ಕೆಟ್ಟ ದಿನಕ್ಕಾಗಿ ಬರೆಯಿರಿ

ಮಾದರಿ ಬೈಲಾಗಳು ಸಿದ್ಧವಾಗಿ ಸಿಗುತ್ತವೆ. ಅವನ್ನು ಹಾಗೆಯೇ ಅಳವಡಿಸಿಕೊಂಡರೂ ಮೂರು ಅಂಶಗಳನ್ನು ಸದಸ್ಯರು ಕುಳಿತು ಚರ್ಚಿಸಿಯೇ ತೀರ್ಮಾನಿಸಬೇಕು. ಮೊದಲನೆಯದು ಆಸ್ತಿಯ ಬೀಗ. ಸಂಘವನ್ನು ಮುಚ್ಚಿದರೂ ಅದರ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಅದು ಅದೇ ಉದ್ದೇಶದ ಇನ್ನೊಂದು ಸಂಸ್ಥೆಗೇ ಹೋಗಬೇಕು ಎಂಬ ಈ ನಿಬಂಧನೆ ಇಲ್ಲದಿದ್ದರೆ, ಬೆಲೆಬಾಳುವ ಮೈದಾನ ಕೈಗೆ ಬಂದ ದಿನದಿಂದಲೇ ಅದನ್ನು ಮಾರುವ ಆಸೆಯೂ ಹುಟ್ಟಿಕೊಳ್ಳುತ್ತದೆ. ಎರಡನೆಯದು, ಬಹುಮತದ ಪಾಲನ್ನು ಅಥವಾ ಮೈದಾನವನ್ನು ಮಾರಲು ಎಷ್ಟು ಮತ ಬೇಕು, ಸಭೆಯಲ್ಲಿ ಕನಿಷ್ಠ ಎಷ್ಟು ಸದಸ್ಯರು ಮತ ಹಾಕಿರಬೇಕು ಎಂಬುದು. ಸರಳ ಬಹುಮತ ಸಾಲದು. ಮೂರನೆಯದು, ಖರೀದಿದಾರನ ಹಣದ ಮೂಲವನ್ನು ಸ್ವತಂತ್ರವಾಗಿ ಪರಿಶೀಲಿಸಿದ ವರದಿ ಸದಸ್ಯರ ಕೈಗೆ ಬಾರದೆ ಮತದಾನ ನಡೆಯಬಾರದು ಎಂಬ ನಿಯಮ.

ಈ ಮೂರನೆಯದಕ್ಕೆ ನಾಟ್ಸ್ ಕೌಂಟಿಯ ಪ್ರಕರಣ ಕಾರಣ. 2009ರಲ್ಲಿ ಅಲ್ಲಿನ ಟ್ರಸ್ಟ್ ಸದಸ್ಯರು ತಮ್ಮ ಬಹುಮತದ ಪಾಲನ್ನು ಮುಂಟೋ ಫೈನಾನ್ಸ್ ಎಂಬ ಕಂಪನಿಗೆ ಬಿಟ್ಟುಕೊಡಲು ಭಾರಿ ಬಹುಮತದಿಂದ ಒಪ್ಪಿದರು. ಇಂಗ್ಲೆಂಡ್ ತಂಡದ ಮಾಜಿ ತರಬೇತುದಾರ ಸ್ವೆನ್ ಯೊರಾನ್ ಎರಿಕ್ಸನ್‌ರಂತಹ ದೊಡ್ಡ ಹೆಸರು ಬಂದಿತು, ಭರವಸೆ ನೀಡಿದ್ದ ಹಣ ಬರಲಿಲ್ಲ, 2010ರ ಆರಂಭದಲ್ಲಿ ಕ್ಲಬ್ 1 ಪೌಂಡ್‌ಗೆ ಮತ್ತೊಬ್ಬರ ಕೈಸೇರಿತು. ಪ್ರಜಾಪ್ರಭುತ್ವದ ವಿಧಾನ ಅಲ್ಲಿ ಲೋಪವಿಲ್ಲದೆ ನಡೆದಿತ್ತು. ಸದಸ್ಯರ ಮುಂದೆ ಇರಬೇಕಾಗಿದ್ದ ಮಾಹಿತಿ ಮಾತ್ರ ಇರಲಿಲ್ಲ.

ಹಂತ 3: ಲೆಕ್ಕಪತ್ರ ಓದಿರಿ

ಇದಕ್ಕೆ ಮಾಲೀಕರ ಅನುಮತಿ ಬೇಕಿಲ್ಲ. ಬ್ರಿಟನ್ನಿನ ಕಂಪನಿ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್‌ನ ಜಾಲತಾಣದಲ್ಲಿ ಪ್ರತಿ ಕ್ಲಬ್ ಕಂಪನಿಯ ವಾರ್ಷಿಕ ಲೆಕ್ಕ, ನಿರ್ದೇಶಕರ ಪಟ್ಟಿ ಮತ್ತು ಆಸ್ತಿಯ ಮೇಲಿನ ಅಡಮಾನಗಳ ದಾಖಲೆ ಉಚಿತವಾಗಿ ದೊರೆಯುತ್ತವೆ. ಮೈದಾನ ಯಾರ ಹೆಸರಿನಲ್ಲಿದೆ ಎಂಬುದನ್ನು ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಸಣ್ಣ ಶುಲ್ಕ ಕೊಟ್ಟು ತಿಳಿಯಬಹುದು. ಸದಸ್ಯರಲ್ಲಿ ಒಬ್ಬ ಲೆಕ್ಕಪರಿಶೋಧಕರೂ ಒಬ್ಬ ವಕೀಲರೂ ಸಿಕ್ಕರೆ ಅವರನ್ನು ಈ ಕೆಲಸಕ್ಕೆ ಕೂರಿಸಿ.

ನೋಡಬೇಕಾದ ಸಂಗತಿಗಳು ಬಹಳವಿಲ್ಲ. ಆದಾಯದಲ್ಲಿ ಎಷ್ಟು ಭಾಗ ಸಂಬಳಕ್ಕೆ ಹೋಗುತ್ತಿದೆ? ಮಾಲೀಕರು ಹಾಕಿದ ಹಣ ಷೇರಿನ ರೂಪದಲ್ಲಿದೆಯೇ, ಸಾಲದ ರೂಪದಲ್ಲಿದೆಯೇ? ಷೇರಾದರೆ ಅದು ಕ್ಲಬ್ಬಿನಲ್ಲೇ ಉಳಿಯುತ್ತದೆ, ಸಾಲವಾದರೆ ಅವರು ಹೊರಡುವ ದಿನ ಅದನ್ನು ಕೇಳುತ್ತಾರೆ. ಲೆಕ್ಕಪತ್ರ ಸಲ್ಲಿಕೆ ತಡವಾಗುತ್ತಿದೆಯೇ? ತೆರಿಗೆ ಇಲಾಖೆ ಕಂಪನಿಯನ್ನು ಮುಚ್ಚಿಸುವಂತೆ ಕೋರ್ಟಿಗೆ ಅರ್ಜಿ ಹಾಕಿದೆಯೇ? ಈ ಕೊನೆಯ ಎರಡು ಒಟ್ಟಿಗೆ ಕಂಡರೆ ಸಂಘ ಮರುದಿನವೇ ತುರ್ತು ಸಭೆ ಕರೆಯಬೇಕು.

ಹಂತ 4: ಮೈದಾನವನ್ನು ಕಾಯಿರಿ

ಕ್ಲಬ್ಬಿನ ಆಸ್ತಿಗಳಲ್ಲಿ ಮರಳಿ ಪಡೆಯಲು ಅತ್ಯಂತ ಕಷ್ಟವಾದದ್ದು ಮೈದಾನ. ಆಟಗಾರರು ಬದಲಾಗುತ್ತಾರೆ, ಲೀಗ್ ಸ್ಥಾನವನ್ನು ಮತ್ತೆ ಗಳಿಸಬಹುದು, ಆದರೆ ಊರಿನ ನಡುವಿನ ಹತ್ತಾರು ಎಕರೆ ಒಮ್ಮೆ ಕಟ್ಟಡ ನಿರ್ಮಾಣದವರ ಪಾಲಾದರೆ ಮುಗಿಯಿತು. ವಿಂಬಲ್ಡನ್ ಕ್ಲಬ್ಬಿನ ಕಥೆ ಆರಂಭವಾದದ್ದು ಅಲ್ಲಿಂದಲೇ. 1991ರಲ್ಲಿ ಅದು ಪ್ಲೌ ಲೇನ್ ಮೈದಾನ ಬಿಟ್ಟು ಕ್ರಿಸ್ಟಲ್ ಪ್ಯಾಲೆಸ್ ಕ್ಲಬ್ಬಿನ ಮೈದಾನದಲ್ಲಿ ಬಾಡಿಗೆಗೆ ಆಡತೊಡಗಿತು, ಹಳೆಯ ಮೈದಾನ ಮಾರಾಟವಾಯಿತು. 2002ರಲ್ಲಿ ಮಾಲೀಕರು ಇಡೀ ಕ್ಲಬ್ಬನ್ನು ಸುಮಾರು 90 ಕಿಲೋಮೀಟರ್ ದೂರದ ಮಿಲ್ಟನ್ ಕೀನ್ಸ್‌ಗೆ ಸಾಗಿಸಲು ಅನುಮತಿ ಪಡೆದಾಗ, ಅದನ್ನು ಊರಿಗೆ ಕಟ್ಟಿಹಾಕುವ ನೆಲವೇ ಉಳಿದಿರಲಿಲ್ಲ.

ಸ್ಟಾಕ್‌ಪೋರ್ಟ್ ಕೌಂಟಿಯಲ್ಲಿ ಬೆಂಬಲಿಗರ ಟ್ರಸ್ಟ್ 2005ರಲ್ಲಿ ಕ್ಲಬ್ಬನ್ನು ವಹಿಸಿಕೊಂಡಿತು, ಆದರೆ ಎಡ್ಜ್ಲಿ ಪಾರ್ಕ್ ಮೈದಾನ ಹಿಂದಿನ ಮಾಲೀಕರ ಕಂಪನಿಯಲ್ಲೇ ಉಳಿಯಿತು. ಮೈದಾನವಿಲ್ಲದ ಕ್ಲಬ್ಬಿಗೆ ಅಡವಿಡಲು ಆಸ್ತಿಯೂ ಇಲ್ಲ, ಪಂದ್ಯವಿಲ್ಲದ ದಿನಗಳಲ್ಲಿ ಬರುವ ಬಾಡಿಗೆ ಆದಾಯವೂ ಇಲ್ಲ. 2009ರ ಏಪ್ರಿಲ್‌ನಲ್ಲಿ ಅದು ದಿವಾಳಿ ಆಡಳಿತಾಧಿಕಾರಿಯ (ಸಾಲ ತೀರಿಸಲಾಗದ ಕಂಪನಿಯನ್ನು ತಾತ್ಕಾಲಿಕವಾಗಿ ನಡೆಸಲು ನೇಮಕವಾಗುವವರ) ಕೈಸೇರಿತು, 2013ರ ಹೊತ್ತಿಗೆ ಆರನೆಯ ಹಂತಕ್ಕೆ ಇಳಿದಿತ್ತು. ಬೆಂಬಲಿಗರ ಒಡೆತನ ಸೋತಿತು ಎಂದು ಈ ಉದಾಹರಣೆಯನ್ನು ಹೇಳುವವರುಂಟು. ನನ್ನ ದೃಷ್ಟಿಯಲ್ಲಿ ಅಲ್ಲಿ ಬೆಂಬಲಿಗರಿಗೆ ಸಿಕ್ಕಿದ್ದು ಪೂರ್ಣ ಒಡೆತನವೇ ಅಲ್ಲ.

ಆದ್ದರಿಂದ ಕ್ಲಬ್ ಇನ್ನೂ ಬೇರೆಯವರ ಕೈಯಲ್ಲಿರುವಾಗಲೇ ಮಾಡಬೇಕಾದ ಕೆಲಸವೊಂದಿದೆ. 2011ರ ಲೋಕಲಿಸಂ ಕಾಯ್ದೆಯಡಿ ಮೈದಾನವನ್ನು ಸಮುದಾಯಕ್ಕೆ ಮೌಲ್ಯವುಳ್ಳ ಆಸ್ತಿ ಎಂದು ಪಟ್ಟಿ ಮಾಡುವಂತೆ ಸ್ಥಳೀಯ ಕೌನ್ಸಿಲ್‌ಗೆ ಅರ್ಜಿ ಸಲ್ಲಿಸಿ. ಆ ಕಾಯ್ದೆ ಜಾರಿಗೊಳಿಸಿದ ವ್ಯವಸ್ಥೆಯಲ್ಲಿ ಪಟ್ಟಿಯ ಅವಧಿ ಐದು ವರ್ಷ. ಮಾಲೀಕರು ಮಾರಲು ಹೊರಟರೆ ಕೌನ್ಸಿಲ್‌ಗೆ ತಿಳಿಸಬೇಕು, ಆರು ವಾರದೊಳಗೆ ಸಮುದಾಯದ ಸಂಘವೊಂದು ಆಸಕ್ತಿ ತೋರಿದರೆ ಒಟ್ಟು ಆರು ತಿಂಗಳು ಮಾರಾಟ ತಡೆಹಿಡಿಯಲ್ಪಡುತ್ತದೆ. ಇದು ಕೊಳ್ಳುವ ಹಕ್ಕಲ್ಲ ಎಂಬುದನ್ನು ಸದಸ್ಯರಿಗೆ ಸ್ಪಷ್ಟಪಡಿಸಿ: ಆರು ತಿಂಗಳ ನಂತರ ಮಾಲೀಕರು ಯಾರಿಗೆ ಬೇಕಾದರೂ ಮಾರಬಹುದು. ಆದರೆ ಹಣ ಹೊಂದಿಸಲು ಆರು ತಿಂಗಳು ಸಿಗುವುದೇ ದೊಡ್ಡ ಅನುಕೂಲ.

ಕ್ಲಬ್ಬನ್ನೂ ಮೈದಾನವನ್ನೂ ಒಂದೇ ಕಂಪನಿಯಲ್ಲಿ ಇಡಬೇಕೇ ಎಂಬ ಪ್ರಶ್ನೆ ಮುಂದೆ ಬರುತ್ತದೆ. ಬೇರೆ ಇಡುವುದೇ ಲೇಸು, ಆದರೆ ಮೈದಾನದ ಒಡೆತನ ಸಂಘದ ಬಳಿಯೇ ಇರಬೇಕು. ಆಗ ಫುಟ್‌ಬಾಲ್ ಕಂಪನಿ ನಷ್ಟಕ್ಕೆ ಬಿದ್ದರೂ ನೆಲ ಉಳಿಯುತ್ತದೆ. ಚೆಲ್ಸಿಯಂತಹ ಶ್ರೀಮಂತ ಕ್ಲಬ್ಬಿನಲ್ಲೂ 1993ರಿಂದ ಚೆಲ್ಸಿ ಪಿಚ್ ಓನರ್ಸ್ ಎಂಬ ಪ್ರತ್ಯೇಕ ಸಂಸ್ಥೆಯಿದೆ. ಸಾವಿರಾರು ಬೆಂಬಲಿಗರು ಅದರ ಷೇರುದಾರರು, ಸ್ಟ್ಯಾಮ್‌ಫರ್ಡ್ ಬ್ರಿಜ್‌ನ ನೆಲದ ಒಡೆತನ ಅದರ ಬಳಿಯಿದೆ, ಕ್ಲಬ್ ಬೇರೆಡೆಗೆ ಹೊರಟರೆ ಚೆಲ್ಸಿ ಫುಟ್‌ಬಾಲ್ ಕ್ಲಬ್ ಎಂಬ ಹೆಸರನ್ನು ಬಳಸುವ ಹಕ್ಕೂ ಅದಕ್ಕೆ ಸೇರಿದ್ದು.

ಹಂತ 5: ಹಣದ ಸ್ವರೂಪವನ್ನು ಆರಿಸಿ, ನಂತರ ಕೇಳಿರಿ

ಎಷ್ಟು ಹಣ ಬೇಕು ಎಂಬುದಕ್ಕಿಂತ ಅದು ಯಾವ ಬಗೆಯ ಹಣ ಎಂಬ ಪ್ರಶ್ನೆ ಮೊದಲು ಇತ್ಯರ್ಥವಾಗಬೇಕು.

ತಿಂಗಳ ವಂತಿಗೆ ಅತ್ಯಂತ ಸ್ಥಿರವಾದದ್ದು. ಎಡಿನ್‌ಬರೋದ ಹಾರ್ಟ್ಸ್ ಕ್ಲಬ್ 2013ರ ಜೂನ್‌ನಲ್ಲಿ ದಿವಾಳಿ ಆಡಳಿತಕ್ಕೆ ಒಳಗಾದಾಗ, ಫೌಂಡೇಶನ್ ಆಫ್ ಹಾರ್ಟ್ಸ್ ಸಂಸ್ಥೆಗೆ ಸುಮಾರು 8,000 ಬೆಂಬಲಿಗರು ಪ್ರತಿ ತಿಂಗಳೂ ಹಣ ಕೊಡಲು ಮುಂದಾದರು. ತಕ್ಷಣಕ್ಕೆ ದೊಡ್ಡ ಮೊತ್ತ ಬೇಕಿತ್ತು. ಉದ್ಯಮಿ ಆ್ಯನ್ ಬಡ್ಜ್ ಅದನ್ನು ಹೊಂದಿಸಿ 2014ರಲ್ಲಿ ಕ್ಲಬ್ಬನ್ನು ಕೊಂಡರು, ಫೌಂಡೇಶನ್ ವಂತಿಗೆಯಿಂದ ಆ ಹಣವನ್ನು ತೀರಿಸುತ್ತ ಬಂದು 2021ರ ಆಗಸ್ಟ್‌ನಲ್ಲಿ ಬಹುಮತದ ಪಾಲನ್ನು ಪಡೆಯಿತು. ಮಧ್ಯಂತರ ಖರೀದಿದಾರರೊಬ್ಬರು ಮತ್ತು ಹಸ್ತಾಂತರದ ಲಿಖಿತ ಒಪ್ಪಂದ, ಈ ಜೋಡಿ ನನಗೆ ಕಂಡ ಅತ್ಯುತ್ತಮ ಮಾದರಿ. ಒಪ್ಪಂದವಿಲ್ಲದೆ ಬರಿಯ ಮಾತನ್ನು ನಂಬಿ ಇದೇ ದಾರಿ ಹಿಡಿಯುವುದು ಅಪಾಯಕರ.

ಎರಡನೆಯದು ಸಮುದಾಯ ಷೇರು. ಇದನ್ನು ಹೊರಗೆ ಮಾರಲಾಗದು, ನಿಗದಿತ ಅವಧಿಯ ನಂತರ ಸಂಘದ ಸ್ಥಿತಿ ಅನುಮತಿಸಿದರೆ ಹಿಂಪಡೆಯಬಹುದು. ಹಿಂಪಡೆಯಬಹುದಾದ ಷೇರಿನಲ್ಲಿ ಒಬ್ಬ ವ್ಯಕ್ತಿ 1 ಲಕ್ಷ ಪೌಂಡ್‌ಗಿಂತ ಹೆಚ್ಚು ಹಾಕುವಂತಿಲ್ಲ. ಬೆಂಬಲಿಗರೇ ಕಟ್ಟಿದ ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಇದೇ ಬಗೆಯಲ್ಲಿ ಸುಮಾರು 20 ಲಕ್ಷ ಪೌಂಡ್ ಸಂಗ್ರಹಿಸಿ, ಅನುದಾನ ಮತ್ತು ಸಾಲಗಳನ್ನೂ ಸೇರಿಸಿ, 2015ರಲ್ಲಿ ಬ್ರಾಡ್‌ಹರ್ಸ್ಟ್ ಪಾರ್ಕ್ ಕ್ರೀಡಾಂಗಣವನ್ನು ತೆರೆಯಿತು. ಮೂರನೆಯದು ದೊಡ್ಡ ಮುಖಬೆಲೆಯ ಷೇರು: ಪೋರ್ಟ್ಸ್‌ಮತ್‌ನಲ್ಲಿ ಷೇರಿನ ಬೆಲೆ 1,000 ಪೌಂಡ್ ಇತ್ತು, ಅಷ್ಟು ಕೊಡಲಾಗದವರು ಗುಂಪು ಕಟ್ಟಿಕೊಂಡು ಒಂದು ಷೇರನ್ನು ಕೊಂಡರು. ನಾಲ್ಕನೆಯದು ಬಾಂಡ್. ವಿಂಬಲ್ಡನ್ ಬೆಂಬಲಿಗರು ಹೊಸದಾಗಿ ಕಟ್ಟಿದ ಎಎಫ್‌ಸಿ ವಿಂಬಲ್ಡನ್ ಕ್ಲಬ್ ಹೊಸ ಮೈದಾನದ ಹಣದ ಕೊರತೆ ತುಂಬಲು 2020ರಲ್ಲಿ ಬೆಂಬಲಿಗರಿಂದ 50 ಲಕ್ಷ ಪೌಂಡ್‌ಗೂ ಮಿಕ್ಕಿ ಬಾಂಡ್ ಹಣ ಪಡೆಯಿತು. ಬಾಂಡ್ ಎಂದರೆ ಸಾಲವೇ. ಕೊಟ್ಟವರು ಪ್ರೀತಿಯಿಂದ ಕೊಟ್ಟರೂ ಅವಧಿ ಮುಗಿದಾಗ ತೀರಿಸಬೇಕು.

ಷೇರು ಮತ್ತು ಬಾಂಡ್ ಹಣವನ್ನು ಖರೀದಿಗೆ ಅಥವಾ ಮೈದಾನಕ್ಕೆ ಮಾತ್ರ ಬಳಸಿ, ಸಂಬಳಕ್ಕೆ ಎಂದಿಗೂ ಮುಟ್ಟಬೇಡಿ. ಖರೀದಿ ಕೈಗೂಡದಿದ್ದರೆ ಹಣ ಹಿಂದಿರುಗಿಸುತ್ತೇವೆ ಎಂದು ಮೊದಲೇ ಬರೆದುಕೊಟ್ಟು, ಅಲ್ಲಿಯವರೆಗೆ ಅದನ್ನು ವಕೀಲರ ಪ್ರತ್ಯೇಕ ಖಾತೆಯಲ್ಲಿರಿಸಿ.

ಹಂತ 6: ಖರೀದಿಯೋ, ಹೊಸ ಕ್ಲಬ್ಬೋ?

ದಿವಾಳಿ ಆಡಳಿತಾಧಿಕಾರಿ ನೇಮಕವಾದರೆ ಅವರ ಕರ್ತವ್ಯ ಸಾಲ ಕೊಟ್ಟವರ ಹಿತಕ್ಕೆ, ಬೆಂಬಲಿಗರ ಭಾವನೆಗಳಿಗಲ್ಲ. ಅವರಿಗೆ ಬೇಕಾದದ್ದು ನಿಗದಿತ ಮೊತ್ತ, ಹಣದ ಪುರಾವೆ, ದಿನಾಂಕ. ಸಾಲ ಕೊಟ್ಟವರೊಂದಿಗಿನ ಸ್ವಯಂ ಒಪ್ಪಂದಕ್ಕೆ (ಸಾಮಾನ್ಯವಾಗಿ ಸಾಲದ ಒಂದು ಭಾಗವನ್ನಷ್ಟೇ ತೀರಿಸುವ ಒಪ್ಪಂದ), ಮತ ಹಾಕುವವರ ಸಾಲದ ಮೌಲ್ಯದಲ್ಲಿ ಶೇ 75ರಷ್ಟು ಒಪ್ಪಿಗೆ ಬೇಕು. ಇಂಗ್ಲಿಷ್ ಫುಟ್‌ಬಾಲ್ ಲೀಗ್‌ನಲ್ಲಿ ಉಳಿಯಬೇಕಾದರೆ ಆಟಗಾರರು ಮತ್ತು ಇತರ ಕ್ಲಬ್ಬುಗಳಿಗೆ ಕೊಡಬೇಕಾದ ಬಾಕಿಯನ್ನು ಪೂರ್ತಿ ತೀರಿಸಬೇಕು. 2020ರ ಡಿಸೆಂಬರ್‌ನಿಂದ ತೆರಿಗೆ ಇಲಾಖೆಗೂ ಕೆಲವು ಬಾಕಿಗಳಲ್ಲಿ ಆದ್ಯತೆಯಿದೆ. ಇವೆಲ್ಲ ಕಳೆದು ಉಳಿದ ಹಣವೇ ಊರಿನ ಸಣ್ಣ ವ್ಯಾಪಾರಿಗಳಿಗೆ ಸಿಗುವುದು, ಈ ಅನ್ಯಾಯವನ್ನು ಸಂಘ ಮರೆಯಬಾರದು. ಜತೆಗೆ ಕ್ಲಬ್ಬಿಗೆ 12 ಪಾಯಿಂಟ್‌ಗಳ ಕಡಿತವೂ ಬೀಳುತ್ತದೆ.

ಪೋರ್ಟ್ಸ್‌ಮತ್ 2010ರಲ್ಲಿ, ಮತ್ತೆ 2012ರಲ್ಲಿ ದಿವಾಳಿ ಆಡಳಿತಕ್ಕೆ ಒಳಗಾಗಿತ್ತು. 2013ರ ಏಪ್ರಿಲ್‌ನಲ್ಲಿ ಅಲ್ಲಿನ ಟ್ರಸ್ಟ್ ಕ್ಲಬ್ಬನ್ನು ಕೊಂಡದ್ದು ಫ್ರ್ಯಾಟನ್ ಪಾರ್ಕ್ ಮೈದಾನದ ಮೇಲೆ ಹಿಂದಿನ ಮಾಲೀಕರಿಗಿದ್ದ ಅಡಮಾನದ ಬೆಲೆಯ ಕುರಿತು ಹೈಕೋರ್ಟಿನವರೆಗೆ ಹೋಗಿ ರಾಜಿಯಾದ ನಂತರ. 2014ರಲ್ಲಿ ಅದು ಹಳೆಯ ಸಾಲಗಳನ್ನು ತೀರಿಸಿರುವುದಾಗಿ ಘೋಷಿಸಿತು.

ಹಳೆಯ ಸಾಲ ಹೊರಲಾಗದಷ್ಟಿದ್ದರೆ ಹೊಸ ಕ್ಲಬ್ ಕಟ್ಟುವುದೇ ಪ್ರಾಮಾಣಿಕ ದಾರಿ. ವಿಂಬಲ್ಡನ್ ಬೆಂಬಲಿಗರು 2002ರಲ್ಲಿ ಒಂಬತ್ತನೆಯ ಹಂತದಿಂದ ಆರಂಭಿಸಿ 2011ರಲ್ಲಿ ಫುಟ್‌ಬಾಲ್ ಲೀಗ್ ತಲುಪಿದರು, 2020ರ ನವೆಂಬರ್‌ನಲ್ಲಿ ಪ್ಲೌ ಲೇನ್‌ನಲ್ಲೇ ಹೊಸ ಕ್ರೀಡಾಂಗಣಕ್ಕೆ ಮರಳಿದರು. ಚೆಸ್ಟರ್ ಸಿಟಿ 2010ರಲ್ಲಿ ಮುಚ್ಚಿದಾಗ ಚೆಸ್ಟರ್ ಎಫ್‌ಸಿ ಹುಟ್ಟಿತು. ಬೆರಿಯಲ್ಲಿ ಒಂದು ಗುಂಪು ಹೊಸ ಕ್ಲಬ್ ಕಟ್ಟಿತು, ಇನ್ನೊಂದು ಗುಂಪು ಸರ್ಕಾರದ ಸಮುದಾಯ ಒಡೆತನ ನಿಧಿಯ ನೆರವಿನೊಂದಿಗೆ 2022ರಲ್ಲಿ ಹಳೆಯ ಕ್ಲಬ್ಬಿನ ಮೈದಾನವಾದ ಗಿಗ್ ಲೇನ್ ಅನ್ನು ಕೊಂಡಿತು. ಒಂದರ ಬಳಿ ತಂಡ, ಇನ್ನೊಂದರ ಬಳಿ ನೆಲ. ಎರಡೂ ಗುಂಪುಗಳ ಸದಸ್ಯರು ವಿಲೀನಕ್ಕೆ ಒಪ್ಪಿದ್ದು 2023ರಲ್ಲಿ. ಒಂದೇ ಊರಿನ ಬೆಂಬಲಿಗರು ಎರಡಾಗಿ ಒಡೆಯುವುದು ಹೊರಗಿನ ಯಾವ ಶತ್ರುವಿಗಿಂತಲೂ ಹೆಚ್ಚು ಕಾಲ ತಿನ್ನುತ್ತದೆ. ಅಂತಹ ಬಿರುಕು ಕಂಡೊಡನೆ ಸಂಘದ ಹಿರಿಯರು ಮಧ್ಯೆ ಬರಬೇಕು.

ಹಂತ 7: ಬಂದಷ್ಟರಲ್ಲೇ ನಡೆಸಿರಿ

ಒಡೆತನ ಕೈಗೆ ಬಂದ ಮೇಲೆ ಸಂಘದ ಆಡಳಿತ ಮಂಡಳಿ ಮತ್ತು ಕ್ಲಬ್ಬಿನ ನಿರ್ದೇಶಕ ಮಂಡಳಿ ಬೇರೆ ಬೇರೆ ಇರಬೇಕು. ಸಂಘ ಗುರಿ ಮತ್ತು ಬಜೆಟ್ ಮಿತಿಯನ್ನು ಗೊತ್ತುಪಡಿಸಿ, ಕ್ಲಬ್ ಮಂಡಳಿಯ ಸದಸ್ಯರನ್ನು ನೇಮಿಸುತ್ತದೆ. ಆಟಗಾರರ ಆಯ್ಕೆ, ತರಬೇತುದಾರರ ನೇಮಕ, ದಿನನಿತ್ಯದ ವ್ಯವಹಾರ ಕ್ಲಬ್ ಮಂಡಳಿಗೆ ಬಿಟ್ಟದ್ದು. ಸತತ ನಾಲ್ಕು ಪಂದ್ಯ ಸೋತಾಗ ಸರ್ವಸದಸ್ಯರ ಸಭೆ ತರಬೇತುದಾರರನ್ನು ಬದಲಿಸಲು ಹೊರಟರೆ ಕ್ಲಬ್ ನಡೆಯುವುದಿಲ್ಲ.

ಈ ಶಿಸ್ತಿಗೆ ಎಕ್ಸೆಟರ್ ಸಿಟಿಗಿಂತ ಒಳ್ಳೆಯ ಪಾಠವಿಲ್ಲ. 2003ರಲ್ಲಿ ಅದು ಫುಟ್‌ಬಾಲ್ ಲೀಗ್‌ನಿಂದ ಕೆಳಗಿಳಿದ ಹೊತ್ತಿಗೇ ಟ್ರಸ್ಟ್ ಕ್ಲಬ್ಬನ್ನು ವಹಿಸಿಕೊಂಡು ಸಾಲ ಕೊಟ್ಟವರೊಂದಿಗೆ ಒಪ್ಪಂದ ಮಾಡಿಕೊಂಡಿತು. 2005ರ ಜನವರಿಯಲ್ಲಿ ಎಫ್‌ಎ ಕಪ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಓಲ್ಡ್ ಟ್ರ್ಯಾಫರ್ಡ್‌ನಲ್ಲಿ 0-0 ಡ್ರಾ ಸಾಧಿಸಿತು. ಮರುಪಂದ್ಯದಲ್ಲಿ ಸೋತರೂ, ಆ ಎರಡು ಪಂದ್ಯಗಳ ಗಳಿಕೆ ಸಾಲ ತೀರಿಸಲು ನೆರವಾಯಿತು. ಅದೃಷ್ಟದಿಂದ ಬಂದ ಆ ಹಣವನ್ನು ದುಬಾರಿ ಆಟಗಾರರಿಗೆ ಸುರಿಯದಿದ್ದುದೇ ಅಲ್ಲಿನ ಜಾಣ್ಮೆ. ಕ್ಲಬ್ 2008ರಲ್ಲಿ ಫುಟ್‌ಬಾಲ್ ಲೀಗ್‌ಗೆ ಮರಳಿತು. ಯುವ ಅಕಾಡೆಮಿಯಲ್ಲಿ ಬೆಳೆದ ಆಲಿ ವಾಟ್ಕಿನ್ಸ್‌ರನ್ನು 2017ರಲ್ಲಿ ಬ್ರೆಂಟ್‌ಫರ್ಡ್‌ಗೆ ಮಾರುವಾಗ, ಮುಂದಿನ ಮಾರಾಟದಲ್ಲೂ ತನಗೊಂದು ಪಾಲು ಬರುವಂತೆ ಒಪ್ಪಂದ ಮಾಡಿಕೊಂಡಿತ್ತು. 2020ರಲ್ಲಿ ಅವರು ಆಸ್ಟನ್ ವಿಲ್ಲಾ ಸೇರಿದಾಗ ಆ ಪಾಲು ಕೈಗೆ ಬಂದಿತು. ಶ್ರೀಮಂತ ಮಾಲೀಕರಿಲ್ಲದ ಕ್ಲಬ್ಬಿಗೆ ಅಕಾಡೆಮಿಯ ಮೇಲಿನ ವೆಚ್ಚವೇ ಬಂಡವಾಳ.

ಬಜೆಟ್ ರಚಿಸುವಾಗ ಕಪ್ ಪಂದ್ಯಗಳ ಗಳಿಕೆಯನ್ನೂ ಆಟಗಾರರ ಮಾರಾಟವನ್ನೂ ಸೊನ್ನೆ ಎಂದು ಹಿಡಿಯಿರಿ. ಪ್ರೇಕ್ಷಕರ ಸಂಖ್ಯೆಯನ್ನು ಹಿಂದಿನ ಋತುವಿಗಿಂತ ಕಡಿಮೆ ಅಂದಾಜಿಸಿ.

ಹಂತ 8: ಮಾರುವ ಪ್ರಶ್ನೆ ಬಂದಾಗ

ಅದು ಬಂದೇ ಬರುತ್ತದೆ. ಕ್ಲಬ್ ಚೇತರಿಸಿಕೊಂಡಷ್ಟೂ ಹೊರಗಿನ ಹಣ ಅದನ್ನು ಹುಡುಕಿಕೊಂಡು ಬರುತ್ತದೆ. ಪೋರ್ಟ್ಸ್‌ಮತ್ ಷೇರುದಾರರು 2017ರಲ್ಲಿ ಡಿಸ್ನಿ ಸಂಸ್ಥೆಯ ಮಾಜಿ ಮುಖ್ಯಸ್ಥ ಮೈಕೇಲ್ ಐಸ್ನರ್ ಅವರ ಕಂಪನಿಗೆ 56.7 ಲಕ್ಷ ಪೌಂಡ್‌ಗೆ ಮಾರಲು ಸುಮಾರು ಶೇ 80ರ ಬಹುಮತದಿಂದ ಒಪ್ಪಿದರು. 2011ರಿಂದ ರೆಕ್ಸ್‌ಹ್ಯಾಮ್ ಕ್ಲಬ್ಬನ್ನು ನಡೆಸಿದ್ದ ಟ್ರಸ್ಟ್ 2020ರ ನವೆಂಬರ್‌ನಲ್ಲಿ ಅದನ್ನು ನಟರಾದ ರಯಾನ್ ರೆನಾಲ್ಡ್ಸ್ ಮತ್ತು ರಾಬ್ ಮೆಕ್‌ಎಲ್‌ಹೆನಿ ಅವರಿಗೆ ಒಪ್ಪಿಸಲು ಶೇ 98ಕ್ಕೂ ಹೆಚ್ಚು ಮತದಿಂದ ನಿರ್ಧರಿಸಿತು. ಇವನ್ನು ಸೋಲೆಂದು ನಾನು ಕರೆಯಲಾರೆ. ಮುಳುಗುತ್ತಿದ್ದ ಕ್ಲಬ್ಬನ್ನು ಉಳಿಸಿ, ಸಾಲವನ್ನು ಹತೋಟಿಗೆ ತಂದು, ಖರೀದಿದಾರರನ್ನು ತಾವೇ ಪ್ರಶ್ನಿಸಿ ಆರಿಸುವ ಸ್ಥಿತಿಗೆ ತಂದವರು ಆ ಬೆಂಬಲಿಗರೇ. ಎಕ್ಸೆಟರ್ ಮತ್ತು ಎಎಫ್‌ಸಿ ವಿಂಬಲ್ಡನ್ ಬಹುಕಾಲ ಬೆಂಬಲಿಗರ ಒಡೆತನವನ್ನೇ ಉಳಿಸಿಕೊಂಡು ಬಂದವು, ಅದೂ ಅಷ್ಟೇ ಸಮಂಜಸ.

ಮಾರುವುದೇ ಆದರೆ ಕೆಲವು ಹಕ್ಕುಗಳನ್ನು ಒಪ್ಪಂದದಲ್ಲಿ ಉಳಿಸಿಕೊಳ್ಳಿ: ಮೈದಾನ ಮಾರಾಟವಾದರೆ ಅದನ್ನು ಮೊದಲು ಕೊಳ್ಳುವ ಅವಕಾಶ, ಕ್ಲಬ್ಬಿನ ಹೆಸರು, ಲಾಂಛನ, ಬಣ್ಣ ಮತ್ತು ಊರನ್ನು ಬದಲಿಸದಂತೆ ತಡೆಯುವ ವಿಶೇಷ ಷೇರು, ಹಣಕಾಸಿನ ಮಾಹಿತಿ ಪಡೆಯುವ ಹಕ್ಕು. 2025ರ ಫುಟ್‌ಬಾಲ್ ಆಡಳಿತ ಕಾಯ್ದೆ ಇಂಗ್ಲೆಂಡಿನ ಪುರುಷರ ಮೊದಲ ಐದು ಹಂತಗಳ ಕ್ಲಬ್ಬುಗಳಿಗೆ ಸ್ವತಂತ್ರ ನಿಯಂತ್ರಕ ಸಂಸ್ಥೆಯನ್ನು ತಂದಿದ್ದು, ಮೈದಾನದ ಮಾರಾಟ ಮತ್ತು ಪರಂಪರೆಯ ಗುರುತುಗಳ ಬದಲಾವಣೆಗೆ ನಿರ್ಬಂಧ ಹಾಕಿದೆ. ಹಾಗೆಂದು ಒಪ್ಪಂದದ ಷರತ್ತುಗಳನ್ನು ಬಿಡಬೇಡಿ. ಕಾಯ್ದೆಯನ್ನು ಸಂಸತ್ತು ತಿದ್ದಬಹುದು. ಒಪ್ಪಂದ ತಿದ್ದಲು ಸಂಘದ ಸಹಿ ಬೇಕು.

ಮಾರಾಟದಿಂದ ಸಂಘಕ್ಕೆ ಹಣ ಬಂದಿದ್ದರೆ ಅದರಲ್ಲಿ ಒಂದು ಭಾಗವನ್ನು ಮುಟ್ಟದೆ ಪ್ರತ್ಯೇಕ ಠೇವಣಿಯಲ್ಲಿಡಿ, ಸದಸ್ಯತ್ವ ನವೀಕರಣವನ್ನೂ ವಾರ್ಷಿಕ ಚುನಾವಣೆಯನ್ನೂ ಮುಂದುವರಿಸಿ, ಹೊಸ ಮಾಲೀಕರ ಲೆಕ್ಕಪತ್ರ ಕಂಪನೀಸ್ ಹೌಸ್‌ಗೆ ಸಲ್ಲಿಕೆಯಾದ ಪ್ರತಿ ವರ್ಷವೂ ಅದನ್ನು ಓದಿ ಸದಸ್ಯರಿಗೆ ವರದಿ ಕೊಡುವ ಉಪಸಮಿತಿಯೊಂದನ್ನು ಉಳಿಸಿಕೊಳ್ಳಿ.